ಸ್ಕ್ರೀನ್ ರೀಡರ್ ಬಳಸಿ ವೆಬ್ ಫಾರ್ಮ್ ತುಂಬುವುದು: ಯಾವ ಕ್ರಮ, ಯಾವ ತಂತ್ರಾಂಶ, ಯಾವ ಸಾಧನ

ಕಣ್ಣಿನಿಂದ ನೋಡಿ ಫಾರ್ಮ್ ತುಂಬುವವರು ಪುಟದ ಮೇಲೆ ಒಮ್ಮೆ ದೃಷ್ಟಿ ಹಾಯಿಸಿದರೆ ಸಾಕು. ಎಷ್ಟು ಫೀಲ್ಡ್‌ಗಳಿವೆ, ಯಾವುದು ಕಡ್ಡಾಯ, ಸಲ್ಲಿಸುವ ಬಟನ್ ಎಲ್ಲಿದೆ ಎಂಬುದೆಲ್ಲ ಅವರಿಗೆ ತಿಳಿದುಬಿಡುತ್ತದೆ. ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಳಸುವವರಿಗೆ ಅದೇ ಮಾಹಿತಿ ಒಂದರ ಹಿಂದೆ ಒಂದಾಗಿ ಕಿವಿಗೆ ಬೀಳುತ್ತದೆ. ಆದ್ದರಿಂದ ಪುಟದಲ್ಲಿ ಯಾವ ಕೀ ಒತ್ತಿ ಮುಂದೆ ಸಾಗುತ್ತೇವೆ ಎಂಬುದರ ಮೇಲೆ ನಮಗೆ ಏನು ಕೇಳಿಸುತ್ತದೆ, ಏನು ಕೇಳಿಸದೆಯೇ ಉಳಿದುಹೋಗುತ್ತದೆ ಎಂಬುದು ನಿಂತಿದೆ.

‘ಯಾವ ಸ್ಕ್ರೀನ್ ರೀಡರ್ ಒಳ್ಳೆಯದು’ ಎಂದೇ ಹೊಸಬರು ಮೊದಲು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೂ ಮೊದಲು ತೀರ್ಮಾನಿಸಬೇಕಾದ ಸಂಗತಿಗಳು ಎರಡಿವೆ: ಪುಟದಲ್ಲಿ ಸಾಗುವ ಕ್ರಮ ಯಾವುದು, ಓದುವ ಸ್ಥಿತಿಯಿಂದ ಬರೆಯುವ ಸ್ಥಿತಿಗೆ ಹೋಗುವುದನ್ನು ತಂತ್ರಾಂಶಕ್ಕೆ ಬಿಡಬೇಕೋ ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕೋ. ಈ ಎರಡರಲ್ಲಿ ಹಿಡಿತ ಸಿಕ್ಕವರು ಯಾವ ತಂತ್ರಾಂಶದಲ್ಲಿಯೂ ಫಾರ್ಮ್ ತುಂಬಬಲ್ಲರು. ಸಿಗದವರಿಗೆ ಅತ್ಯಂತ ದುಬಾರಿ ತಂತ್ರಾಂಶವೂ ಹೆಚ್ಚಿನ ನೆರವಾಗದು. ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಟ್ಯಾಬ್, ಅಕ್ಷರದ ಕೀ, ಬಾಣದ ಕೀ

ಟ್ಯಾಬ್ ಕೀ ಒತ್ತಿದಾಗ ಫೋಕಸ್ (ಒತ್ತಿದ ಕೀ ತಲುಪುವ ಜಾಗ) ಪಡೆಯಬಲ್ಲ ಮುಂದಿನ ಅಂಶಕ್ಕೆ, ಅಂದರೆ ಮುಂದಿನ ಲಿಂಕ್‌ಗೋ ಬಟನ್‌ಗೋ ಟೈಪ್ ಮಾಡುವ ಎಡಿಟ್ ಬಾಕ್ಸ್‌ಗೋ ಹೋಗುತ್ತೇವೆ. ಇದು ಅತ್ಯಂತ ವೇಗದ ದಾರಿ, ಸ್ಕ್ರೀನ್ ರೀಡರ್ ಇಲ್ಲದೆಯೂ ಕೆಲಸ ಮಾಡುವ ದಾರಿ. ಆದರೆ ಎರಡು ಫೀಲ್ಡ್‌ಗಳ ನಡುವೆ ಸಾದಾ ಪಠ್ಯವಾಗಿ ಬರೆದಿರುವ ಯಾವುದರ ಮೇಲೂ ಟ್ಯಾಬ್ ನಿಲ್ಲುವುದಿಲ್ಲ. ‘ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯಿರಿ’, ‘ಫೋಟೊದ ಗಾತ್ರ ಇಷ್ಟನ್ನು ಮೀರಬಾರದು’ ಎಂಬಂಥ ಸೂಚನೆಗಳು ಸಾಮಾನ್ಯವಾಗಿ ಇರುವುದೇ ಆ ನಡುವಿನ ಜಾಗದಲ್ಲಿ. ಪುಟವನ್ನು ರೂಪಿಸಿದವರು ಆ ಸೂಚನೆಯನ್ನು ಕೋಡ್‌ನಲ್ಲಿ ಫೀಲ್ಡ್‌ಗೆ ಜೋಡಿಸಿದ್ದರೆ ಫೀಲ್ಡ್‌ನ ಹೆಸರಿನ ಬೆನ್ನಿಗೇ ಅದೂ ಕೇಳಿಸುತ್ತದೆ. ಜೋಡಿಸದಿದ್ದರೆ ಟ್ಯಾಬ್ ಒತ್ತುವವರ ಮಟ್ಟಿಗೆ ಆ ಸೂಚನೆ ಪುಟದಲ್ಲಿ ಇಲ್ಲವೇ ಇಲ್ಲ. ಷರತ್ತುಗಳು ಪೂರೈಸುವವರೆಗೆ ನಿಷ್ಕ್ರಿಯವಾಗಿರುವ ಸಲ್ಲಿಕೆಯ ಬಟನ್ ಕೂಡ ಹೀಗೆಯೇ ಟ್ಯಾಬ್‌ಗೆ ಸಿಗದೆ ಹೋಗುವುದುಂಟು. ಬಟನ್ನೇ ಇಲ್ಲವೆಂದು ಬಳಕೆದಾರರು ಗಾಬರಿಯಾಗುವುದು ಇಂಥಲ್ಲಿಯೇ.

ಎರಡನೆಯ ದಾರಿ ಒಂಟಿ ಅಕ್ಷರದ ಕೀಗಳದು. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಎನ್‌ವಿಡಿಎ, ಜಾಸ್, ನರೇಟರ್ ಎಂಬ ಮೂರು ಸ್ಕ್ರೀನ್ ರೀಡರ್‌ಗಳಲ್ಲಿಯೂ ಓದುವ ಸ್ಥಿತಿಯಲ್ಲಿ ಎಫ್ ಒತ್ತಿದರೆ ಮುಂದಿನ ಫಾರ್ಮ್ ಫೀಲ್ಡ್, ಇ ಒತ್ತಿದರೆ ಎಡಿಟ್ ಬಾಕ್ಸ್, ಸಿ ಒತ್ತಿದರೆ ಕಾಂಬೋ ಬಾಕ್ಸ್ (ತೆರೆದು ಆರಿಸುವ ಪಟ್ಟಿ), ಆರ್ ಒತ್ತಿದರೆ (ಜಾಸ್‌ನಲ್ಲಿ ಮಾತ್ರ ಎ ಒತ್ತಿದರೆ) ರೇಡಿಯೋ ಬಟನ್ (ಹಲವು ಆಯ್ಕೆಗಳಲ್ಲಿ ಒಂದನ್ನಷ್ಟೇ ಆರಿಸುವಂಥದ್ದು), ಎಕ್ಸ್ ಒತ್ತಿದರೆ ಚೆಕ್ ಬಾಕ್ಸ್, ಬಿ ಒತ್ತಿದರೆ ಬಟನ್ ಸಿಗುತ್ತದೆ. ಶಿಫ್ಟ್ ಸೇರಿಸಿದರೆ ಇವೇ ಕೀಗಳು ಹಿಂದಕ್ಕೆ ಕರೆದೊಯ್ಯುತ್ತವೆ. ಪುಟದ ಮೇಲ್ಭಾಗದಲ್ಲಿರುವ ಹತ್ತಾರು ಲಿಂಕ್‌ಗಳನ್ನು ದಾಟಿ ನೇರವಾಗಿ ಫಾರ್ಮ್‌ಗೆ ಇಳಿಯಲು ಇದಕ್ಕಿಂತ ಉತ್ತಮ ಉಪಾಯವಿಲ್ಲ. ನಡುವಿನ ಪಠ್ಯವನ್ನು ಹಾರಿಸಿಬಿಡುವ ದೋಷ ಮಾತ್ರ ಇಲ್ಲಿಯೂ ಹಾಗೆಯೇ ಇದೆ.

ಮೂರನೆಯದು ಕೆಳಬಾಣದ ಕೀ. ಇದು ಪುಟವನ್ನು ಸಾಲುಸಾಲಾಗಿ ಓದಿಸುತ್ತದೆ, ಯಾವುದನ್ನೂ ಬಿಡುವುದಿಲ್ಲ, ಅದೇ ಕಾರಣಕ್ಕೆ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಆದರೂ ಮೊದಲ ಬಾರಿ ಎದುರಾಗುವ ಫಾರ್ಮ್‌ಗೆ, ಅದರಲ್ಲಿಯೂ ಹಣ, ಗುರುತು, ಅರ್ಜಿ, ಪರೀಕ್ಷೆಗೆ ಸಂಬಂಧಿಸಿದ ಫಾರ್ಮ್‌ಗೆ, ಇದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸುವುದಿಲ್ಲ. ಏನನ್ನೂ ತುಂಬದೆ ಒಮ್ಮೆ ತುದಿಯವರೆಗೆ ಬಾಣದ ಕೀಯಲ್ಲಿ ಓದಿ, ಬೇಕಾದ ಸಂಖ್ಯೆಗಳನ್ನೂ ಕಡತಗಳನ್ನೂ ಹೊಂದಿಸಿಟ್ಟುಕೊಂಡು, ಅನಂತರ ಮೇಲಕ್ಕೆ ಬಂದು ಟ್ಯಾಬ್ ಒತ್ತುತ್ತಾ ತುಂಬುವುದು ಸುರಕ್ಷಿತ ಕ್ರಮ. ಪುಟಕ್ಕೆ ಕಾಲಮಿತಿ ಇದ್ದರೆ ಈ ಓದಿಗೆ ಸಮಯ ಸಾಲದು ಎಂಬ ಆಕ್ಷೇಪ ನಿಜವೇ. ವೆಬ್ ಪುಟಗಳ ಸುಗಮ್ಯತೆಗೆ ಜಗತ್ತಿನಾದ್ಯಂತ ಅನುಸರಿಸುವ ಡಬ್ಲ್ಯುಸಿಎಜಿ ಮಾರ್ಗಸೂಚಿಗಳ ಪ್ರಕಾರ, ಕಾಲಮಿತಿಯನ್ನು ತೆಗೆದುಹಾಕಲು, ಹೊಂದಿಸಿಕೊಳ್ಳಲು ಅಥವಾ ಮುಗಿಯುವ ಮುನ್ನ ಎಚ್ಚರಿಕೆ ಪಡೆದು ವಿಸ್ತರಿಸಿಕೊಳ್ಳಲು ಬಳಕೆದಾರರಿಗೆ ಅವಕಾಶವಿರಬೇಕು. ವಿಸ್ತರಿಸುವ ದಾರಿಯನ್ನು ಕೊಟ್ಟರೆ ಕನಿಷ್ಠ 20 ಸೆಕೆಂಡುಗಳ ಮುಂಚೆ ಎಚ್ಚರಿಸಿ, ಕನಿಷ್ಠ 10 ಬಾರಿ ವಿಸ್ತರಿಸಲು ಬಿಡಬೇಕು. ಎಲ್ಲ ಪುಟಗಳೂ ಇದನ್ನು ಪಾಲಿಸುತ್ತವೆ ಎಂದು ನಂಬಿ ಕೂರುವಂತಿಲ್ಲ. ಲಾಗಿನ್ ಆದ ಕೂಡಲೇ ಗಡಿಯಾರ ಓಡತೊಡಗುವ ಪುಟಗಳಲ್ಲಿ ಮೊದಲ ಪ್ರವೇಶವನ್ನು ಬರೀ ಓದಿಗೆ ಮೀಸಲಿಟ್ಟು, ಎರಡನೆಯ ಪ್ರವೇಶದಲ್ಲಿ ತುಂಬುವುದು ಜಾಣತನ.

ಮೋಡ್ ಬದಲಾವಣೆ ತಾನಾಗಿಯೋ, ನಮ್ಮ ಕೈಯಿಂದಲೋ

ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳು ವೆಬ್ ಪುಟದಲ್ಲಿ ಎರಡು ಸ್ಥಿತಿಗಳಲ್ಲಿ, ಅಂದರೆ ಮೋಡ್‌ಗಳಲ್ಲಿ, ಕೆಲಸ ಮಾಡುತ್ತವೆ. ಓದುವ ಸ್ಥಿತಿಯನ್ನು ಎನ್‌ವಿಡಿಎ ಬ್ರೌಸ್ ಮೋಡ್ ಎಂದೂ ನರೇಟರ್ ಸ್ಕ್ಯಾನ್ ಮೋಡ್ ಎಂದೂ ಕರೆಯುತ್ತವೆ. ಜಾಸ್ ಬಳಕೆದಾರರು ವರ್ಚುವಲ್ ಕರ್ಸರ್ ಎನ್ನುತ್ತಾರೆ. ಬರೆಯುವ ಸ್ಥಿತಿಗೆ ಎನ್‌ವಿಡಿಎಯಲ್ಲಿ ಫೋಕಸ್ ಮೋಡ್, ಜಾಸ್‌ನಲ್ಲಿ ಫಾರ್ಮ್ಸ್ ಮೋಡ್ ಎಂಬ ಹೆಸರಿದೆ. ಓದುವ ಸ್ಥಿತಿಯಲ್ಲಿ ಕೆ ಒತ್ತಿದರೆ ಎನ್‌ವಿಡಿಎ ಮುಂದಿನ ಲಿಂಕ್‌ಗೆ ಜಿಗಿಯುತ್ತದೆ. ಬರೆಯುವ ಸ್ಥಿತಿಯಲ್ಲಿ ಅದೇ ಕೀ ಒತ್ತಿದರೆ ಬಾಕ್ಸ್‌ನಲ್ಲಿ ಕೆ ಅಕ್ಷರ ಮೂಡುತ್ತದೆ. ಫಾರ್ಮ್ ತುಂಬುವಾಗಿನ ಗೊಂದಲಗಳಲ್ಲಿ ಬಹುಪಾಲಿನ ಮೂಲ ಇದೊಂದೇ. ಹೆಸರು ಟೈಪ್ ಮಾಡುತ್ತಿದ್ದೇವೆ ಎಂದುಕೊಂಡವರು ಪುಟದ ಉದ್ದಗಲಕ್ಕೂ ಜಿಗಿಯುತ್ತಿರುತ್ತಾರೆ, ಓದುತ್ತಿದ್ದೇವೆ ಎಂದುಕೊಂಡವರು ತುಂಬಿದ್ದನ್ನು ಕೆಡಿಸುತ್ತಿರುತ್ತಾರೆ.

ಎನ್‌ವಿಡಿಎಯ ಮೂಲ ಹೊಂದಿಕೆಯಲ್ಲಿ ಟ್ಯಾಬ್ ಒತ್ತಿ ಎಡಿಟ್ ಬಾಕ್ಸ್‌ಗೆ ಬಂದರೆ ಅದು ತಾನಾಗಿಯೇ ಫೋಕಸ್ ಮೋಡ್‌ಗೆ ಹೋಗುತ್ತದೆ, ಬಾಣದ ಕೀಯಲ್ಲಿ ಬಂದರೆ ಹೋಗುವುದಿಲ್ಲ. ಆಗ ಎಂಟರ್ ಒತ್ತಿ ಒಳಹೊಗಬೇಕು, ಎಸ್ಕೇಪ್ ಒತ್ತಿ ಹೊರಬರಬೇಕು. ಜಾಸ್‌ನಲ್ಲಿ ಸ್ವಯಂಚಾಲಿತ, ಅರೆ ಸ್ವಯಂಚಾಲಿತ, ಕೈಯಿಂದ ಎಂಬ ಮೂರು ಆಯ್ಕೆಗಳಿವೆ. ಸ್ವಯಂಚಾಲಿತವಾಗಿದ್ದರೆ ಬಾಣದ ಕೀಯಲ್ಲಿ ಬಂದರೂ ಎಡಿಟ್ ಬಾಕ್ಸ್ ಎದುರಾದೊಡನೆ ಮೋಡ್ ಬದಲಾಗುತ್ತದೆ. ಹೊಸಬರಿಗೆ ಇದು ಅನುಕೂಲವೆನಿಸಬಹುದು, ಆದರೆ ಫಾರ್ಮನ್ನು ಮೊದಲು ಓದಿ ನೋಡುವ ಕ್ರಮಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಓದು ಪ್ರತಿ ಬಾಕ್ಸ್‌ನಲ್ಲಿಯೂ ಮುಗ್ಗರಿಸುತ್ತದೆ. ಹೀಗಾಗಿ ಜಾಸ್ ಬಳಸುವವರಿಗೆ ಅರೆ ಸ್ವಯಂಚಾಲಿತ ಆಯ್ಕೆಯನ್ನೂ, ಎನ್‌ವಿಡಿಎ ಬಳಸುವವರಿಗೆ ಇರುವ ಹೊಂದಿಕೆಯನ್ನು ಬದಲಿಸದಿರುವುದನ್ನೂ ಸೂಚಿಸುತ್ತೇನೆ. ಎರಡರಲ್ಲಿಯೂ ಫಲ ಒಂದೇ: ಬಾಣದ ಕೀ ಓದಿಗೆ, ಟ್ಯಾಬ್ ಬರಹಕ್ಕೆ.

ಪೂರ್ತಿಯಾಗಿ ಕೈಯಿಂದಲೇ ಬದಲಿಸುವ ಕ್ರಮ ಬೇಕಾಗುವುದು ಅಂದಗೆಟ್ಟ ಪುಟಗಳಲ್ಲಿ. ಸಾದಾ ಎಡಿಟ್ ಬಾಕ್ಸ್ ಬದಲು ತಮ್ಮದೇ ಕಸರತ್ತಿನಿಂದ ಕಟ್ಟಿದ ಪಟ್ಟಿಗಳು, ಕ್ಯಾಲೆಂಡರ್‌ಗಳು ಇರುವ ಕಡೆ ಸ್ವಯಂಚಾಲಿತ ವ್ಯವಸ್ಥೆಗೆ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ಆಗ ಎನ್‌ವಿಡಿಎ ಕೀಯೊಂದಿಗೆ (ಸಾಮಾನ್ಯವಾಗಿ ಇನ್ಸರ್ಟ್ ಕೀ) ಸ್ಪೇಸ್, ನರೇಟರ್‌ನಲ್ಲಿ ಕ್ಯಾಪ್ಸ್ ಲಾಕ್‌ನೊಂದಿಗೆ ಸ್ಪೇಸ್ ಒತ್ತಿ ಮೋಡನ್ನು ನಾವೇ ಬದಲಿಸಬೇಕು. ಎನ್‌ವಿಡಿಎಯಲ್ಲಿ ಹೀಗೆ ಒತ್ತಾಯದಿಂದ ಫೋಕಸ್ ಮೋಡ್‌ಗೆ ಹೋದರೆ, ಮತ್ತೆ ಅದೇ ಕೀಗಳನ್ನು ಒತ್ತುವವರೆಗೆ ಅದು ಅಲ್ಲಿಯೇ ಇರುತ್ತದೆ. ಎಸ್ಕೇಪ್ ಒತ್ತಿದರೂ ಬಿಡುವುದಿಲ್ಲ. ಎನ್‌ವಿಡಿಎಯೂ ಜಾಸ್ ಕೂಡ ಮೋಡ್ ಬದಲಾದಾಗ ಸಣ್ಣ ಸದ್ದು ಮಾಡುತ್ತವೆ. ಮೊದಮೊದಲು ಕಿರಿಕಿರಿಯೆನಿಸುವ ಆ ಸದ್ದನ್ನು ನಿಲ್ಲಿಸಬೇಡಿ. ಕಿವಿ ಅದಕ್ಕೆ ಪಳಗಿದ ಮೇಲೆ ಮೋಡ್ ಯಾವುದೆಂದು ಬುದ್ಧಿಗೆ ಕೆಲಸ ಕೊಡಬೇಕಾಗುವುದಿಲ್ಲ.

ಮೋಡ್ ತಿಳಿಯದಿದ್ದರೆ ಅತಿ ಹೆಚ್ಚು ಹಾನಿಯಾಗುವುದು ಕೆಲವೇ ಬಗೆಯ ಫೀಲ್ಡ್‌ಗಳಲ್ಲಿ. ರೇಡಿಯೋ ಬಟನ್‌ಗಳ ಗುಂಪಿಗೆ ಟ್ಯಾಬ್ ಒಂದೇ ಸಲ ಬರುತ್ತದೆ. ಒಳಗೆ ಬಾಣದ ಕೀ ಒತ್ತಿದರೆ ಮುಂದಿನ ಆಯ್ಕೆ ಕೇಳಿಸುವುದಷ್ಟೇ ಅಲ್ಲದೆ ಅದೇ ಆಯ್ಕೆಯೂ ಆಗಿಬಿಡುತ್ತದೆ. ಆಯ್ಕೆಗಳು ಏನೇನಿವೆ ಎಂದು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ಓದುವ ಸ್ಥಿತಿಯಲ್ಲಿ ಕೇಳಿಕೊಳ್ಳಬೇಕು. ಕಾಂಬೋ ಬಾಕ್ಸ್ ಇದಕ್ಕಿಂತ ಅಪಾಯದ್ದು. ವಿಂಡೋಸ್‌ನಲ್ಲಿ ಮುಚ್ಚಿರುವ ಪಟ್ಟಿಯ ಮೇಲೆ ಕೆಳಬಾಣ ಒತ್ತಿದರೆ ಮೌಲ್ಯ ಆಗಲೇ ಬದಲಾಗುತ್ತದೆ, ಮೌಲ್ಯ ಬದಲಾದೊಡನೆ ಪುಟವನ್ನೇ ಮತ್ತೆ ತೆರೆಯುವ ಫಾರ್ಮ್ ಆಗಿದ್ದರೆ ಪಟ್ಟಿಯ ಎರಡನೆಯ ಹೆಸರನ್ನು ಕೇಳುವ ಮೊದಲೇ ನಾವು ಬೇರೆಲ್ಲೋ ಇರುತ್ತೇವೆ. ಆಲ್ಟ್ ಜೊತೆ ಕೆಳಬಾಣ ಒತ್ತಿ ಪಟ್ಟಿಯನ್ನು ಮೊದಲು ತೆರೆದು, ಬೇಕಾದುದರ ಮೇಲೆ ಎಂಟರ್ ಒತ್ತುವ ಅಭ್ಯಾಸ ಈ ತೊಂದರೆಯನ್ನು ತಪ್ಪಿಸುತ್ತದೆ. ಸಂಖ್ಯೆಗೆಂದೇ ಮಾಡಿದ ಬಾಕ್ಸ್‌ಗಳಲ್ಲಿ ಮೇಲೆ ಕೆಳಗಿನ ಬಾಣಗಳು ಅಂಕಿಯನ್ನು ಹೆಚ್ಚಿಸುತ್ತವೆ, ತಗ್ಗಿಸುತ್ತವೆ. ಮುಂದಿನ ಸಾಲು ಓದಲೆಂದು ಕೆಳಬಾಣ ಒತ್ತಿದವರ ವಯಸ್ಸು 35 ಇದ್ದದ್ದು ಸದ್ದಿಲ್ಲದೆ 34 ಆಗಿರಬಹುದು. ದಿನಾಂಕದ ವಿಷಯದಲ್ಲಿ ಕ್ಯಾಲೆಂಡರ್ ತೆರೆಯುವುದೋ ಟೈಪ್ ಮಾಡುವುದೋ ಎಂಬ ಆಯ್ಕೆ ಇದ್ದರೆ ಯೋಚಿಸದೆ ಟೈಪ್ ಮಾಡಿ.

ಬರೆಯುತ್ತಿರುವಾಗ ಎಂಟರ್ ಒತ್ತಿದರೆ ಅನೇಕ ಫಾರ್ಮ್‌ಗಳು ಅರ್ಧಕ್ಕೇ ಸಲ್ಲಿಕೆಯಾಗುತ್ತವೆ ಎಂಬುದೂ ನೆನಪಿರಲಿ. ಒಂದು ಬಾಕ್ಸ್ ಮುಗಿಸಿ ಮುಂದೆ ಹೋಗಲು ಟ್ಯಾಬ್ ಮಾತ್ರ ಬಳಸಿ.

ತಂತ್ರಾಂಶದ ಆಯ್ಕೆ

ಎನ್‌ವಿಡಿಎ ಉಚಿತ, ಮುಕ್ತ ಆಕರದ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಪುಟದ ಕೋಡ್‌ನಲ್ಲಿ ಏನಿದೆಯೋ ಹೆಚ್ಚುಕಡಿಮೆ ಅದನ್ನೇ ಹೇಳುವುದು ಇದರ ಗುಣ. ಎನ್‌ವಿಡಿಎ ಕೀಯೊಂದಿಗೆ ಎಫ್7 ಒತ್ತಿದರೆ ಲಿಂಕ್‌ಗಳು, ಶೀರ್ಷಿಕೆಗಳು, ಫಾರ್ಮ್ ಫೀಲ್ಡ್‌ಗಳ ಪಟ್ಟಿ ಒಂದೇ ಕಿಟಕಿಯಲ್ಲಿ ದೊರೆಯುತ್ತದೆ. ಹುಡುಕಬೇಕಾದ ಹೆಸರಿನ ಕೆಲವು ಅಕ್ಷರಗಳನ್ನು ಟೈಪ್ ಮಾಡಿ ಪಟ್ಟಿಯನ್ನು ಕಿರಿದಾಗಿಸಬಹುದು. ಉದ್ದನೆಯ ಫಾರ್ಮ್‌ನಲ್ಲಿ ಇದು ಬಹಳ ಉಪಯುಕ್ತ. ಇದರೊಂದಿಗೆ ಬರುವ ಇಸ್ಪೀಕ್ ಎನ್‌ಜಿ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಾಂತ್ರಿಕವಾಗಿದ್ದರೂ, ಇಂಗ್ಲಿಷ್ ಮಾತ್ರ ಬಲ್ಲ ಧ್ವನಿಯೊಂದು ಕನ್ನಡದ ಲೇಬಲ್ ಬಂದಾಗ ಬಾಯಿ ಮುಚ್ಚಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಜಾಸ್‌ನ ಮೊದಲ ಆವೃತ್ತಿ 1989ರಲ್ಲಿ ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಗಾಗಿ ಬಂತು. ಇದು ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ಪರವಾನಗಿ ಇಲ್ಲದಿದ್ದರೆ ಒಮ್ಮೆಗೆ 40 ನಿಮಿಷ ಕೆಲಸ ಮಾಡುತ್ತದೆ, ಅನಂತರ ಕಂಪ್ಯೂಟರನ್ನು ಮತ್ತೆ ಆರಂಭಿಸಬೇಕಾಗುತ್ತದೆ. ಒಂದು ಸಣ್ಣ ಫಾರ್ಮ್‌ಗೆ ಆ 40 ನಿಮಿಷ ಸಾಕು, ದೊಡ್ಡ ಅರ್ಜಿಯ ನಡುವೆ ಅದು ಮುಗಿದರೆ ತುಂಬಿದ್ದೆಲ್ಲ ಹೋಗುತ್ತದೆ. ಇದರ ಹೆಚ್ಚುಗಾರಿಕೆ ಹೊಂದಿಕೆಗಳಲ್ಲಿದೆ: ಯಾವುದನ್ನು ಎಷ್ಟು ವಿವರವಾಗಿ ಓದಬೇಕೆಂಬುದನ್ನು ಬಹಳ ಸೂಕ್ಷ್ಮವಾಗಿ ನಿರ್ಧರಿಸಬಹುದು, ಇನ್ಸರ್ಟ್ ಜೊತೆ ಎಫ್5 ಒತ್ತಿದರೆ ಫಾರ್ಮ್ ಫೀಲ್ಡ್‌ಗಳ ಪಟ್ಟಿ ಸಿಗುತ್ತದೆ. ದಿನವೂ ಒಂದೇ ಬಗೆಯ ಕಚೇರಿ ತಂತ್ರಾಂಶದಲ್ಲಿ ಮಾಹಿತಿ ತುಂಬುವ ಕೆಲಸದವರಿಗೆ, ಪರವಾನಗಿಯ ಹಣವನ್ನು ಕಚೇರಿಯೇ ಭರಿಸುವುದಾದರೆ, ಜಾಸ್ ಯೋಗ್ಯವಾದ ಆಯ್ಕೆ. ತಿಂಗಳಿಗೆ ನಾಲ್ಕಾರು ಫಾರ್ಮ್ ತುಂಬುವವರು ಅದಕ್ಕಾಗಿ ಸ್ವಂತ ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ನರೇಟರ್ ವಿಂಡೋಸ್‌ನೊಳಗೇ ಇರುವುದರಿಂದ ಕಂಟ್ರೋಲ್, ವಿಂಡೋಸ್, ಎಂಟರ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಬೇರೆಯವರ ಕಂಪ್ಯೂಟರಿನಲ್ಲಿಯೂ ಮಾತನಾಡತೊಡಗುತ್ತದೆ. ಆಪತ್ಕಾಲಕ್ಕೆ ಅದನ್ನು ಕಲಿತಿರಬೇಕು.

ಮ್ಯಾಕ್‌ನ ವಾಯ್ಸ್‌ಓವರ್ ದಾರಿಯೇ ಬೇರೆ. ಅಲ್ಲಿ ಎರಡು ಮೋಡ್‌ಗಳ ಗೊಂದಲ ಈ ರೂಪದಲ್ಲಿ ಇಲ್ಲ. ಕಂಟ್ರೋಲ್ ಮತ್ತು ಆಪ್ಷನ್ ಕೀಗಳನ್ನು ಹಿಡಿದು ಬಾಣ ಒತ್ತಿದರೆ ಓದುವ ಕರ್ಸರ್ ಚಲಿಸುತ್ತದೆ, ಬರೀ ಅಕ್ಷರ ಒತ್ತಿದರೆ ಬರಹವಾಗುತ್ತದೆ. ಅವೆರಡರೊಂದಿಗೆ ಕಮಾಂಡ್ ಮತ್ತು ಜೆ ಸೇರಿಸಿದರೆ ಮುಂದಿನ ಫಾರ್ಮ್ ಫೀಲ್ಡ್ ಸಿಗುತ್ತದೆ. ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತುವುದು ಬೆರಳುಗಳಿಗೆ ಶ್ರಮವಾದರೂ ಏನು ನಡೆಯುತ್ತಿದೆ ಎಂಬುದು ಸ್ಪಷ್ಟವಾಗಿರುತ್ತದೆ. ಆದರೆ ಮ್ಯಾಕ್‌ಗೆ ಹೊಸದಾಗಿ ಬಂದವರು ಒಂದು ವಿಷಯ ತಿಳಿದಿರಬೇಕು: ಮೂಲ ಹೊಂದಿಕೆಯಲ್ಲಿ ಅಲ್ಲಿನ ಟ್ಯಾಬ್ ಕೀ ಪಠ್ಯದ ಬಾಕ್ಸ್‌ಗಳು ಮತ್ತು ಪಟ್ಟಿಗಳ ನಡುವೆ ಮಾತ್ರ ಸಾಗಿ, ಚೆಕ್ ಬಾಕ್ಸ್‌ಗಳನ್ನೂ ಬಟನ್‌ಗಳನ್ನೂ ದಾಟಿ ಹೋಗಬಹುದು. ಸಿಸ್ಟಮ್ ಸೆಟ್ಟಿಂಗ್‌ನ ಕೀಬೋರ್ಡ್ ವಿಭಾಗದಲ್ಲಿ ಕೀಬೋರ್ಡ್ ನ್ಯಾವಿಗೇಶನ್ ಎಂಬುದನ್ನು ಚಾಲೂ ಮಾಡಿದರೆ ಇದು ಸರಿಹೋಗುತ್ತದೆ. ಲಿನಕ್ಸ್‌ನ ಓರ್ಕಾ ಎನ್‌ವಿಡಿಎಯಂತೆಯೇ ಬ್ರೌಸ್ ಮತ್ತು ಫೋಕಸ್ ಮೋಡ್‌ಗಳನ್ನು ಬಳಸುತ್ತದೆ. ಒಂದನ್ನು ಬಲ್ಲವರಿಗೆ ಇನ್ನೊಂದು ಕಷ್ಟವಾಗದು.

ಕಂಪ್ಯೂಟರೋ ಫೋನೋ

ಐಫೋನ್‌ಗೆ ವಾಯ್ಸ್‌ಓವರ್ 2009ರಲ್ಲಿ ಬಂತು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೂಡ ಅದೇ ವರ್ಷದ್ದು. ಫೋನ್‌ನಲ್ಲಿ ಎಡದಿಂದ ಬಲಕ್ಕೆ ಬೆರಳು ಸರಿಸಿದರೆ ಪ್ರತಿಯೊಂದು ಅಂಶವೂ, ನಡುವಿನ ಸೂಚನೆಗಳೂ ಸೇರಿ, ಕ್ರಮವಾಗಿ ಕೇಳಿಸುತ್ತವೆ. ಅಂದರೆ ಕಂಪ್ಯೂಟರಿನಲ್ಲಿ ಬಾಣದ ಕೀ ಮಾಡುವ ಕೆಲಸ ಇಲ್ಲಿ ಸಹಜವಾಗಿಯೇ ಆಗುತ್ತದೆ. ಫೀಲ್ಡ್‌ಗಳಿಗೆ ಮಾತ್ರ ಹೋಗಬೇಕಾದರೆ ಐಫೋನ್‌ನಲ್ಲಿ ಪರದೆಯ ಮೇಲೆ ಎರಡು ಬೆರಳುಗಳನ್ನು ಗುಂಡಿ ತಿರುಗಿಸುವಂತೆ ತಿರುಗಿಸಿ, ರೋಟರ್ ಎಂಬ ಆಯ್ಕೆಪಟ್ಟಿಯಲ್ಲಿ ಫಾರ್ಮ್ ಕಂಟ್ರೋಲ್ಸ್ ಆರಿಸಬೇಕು, ಟಾಕ್‌ಬ್ಯಾಕ್‌ನಲ್ಲಿ ಮೂರು ಬೆರಳುಗಳನ್ನು ಮೇಲೆ ಅಥವಾ ಕೆಳಗೆ ಸರಿಸಿ ಕಂಟ್ರೋಲ್ಸ್ ಆರಿಸಬೇಕು. ಅನಂತರ ಎರಡರಲ್ಲಿಯೂ ಒಂದು ಬೆರಳನ್ನು ಕೆಳಗೆ ಸರಿಸಿದರೆ ಮುಂದಿನ ಫೀಲ್ಡ್ ಸಿಗುತ್ತದೆ.

ದಾಖಲೆಯ ಫೋಟೊ ತೆಗೆದು ಸೇರಿಸಬೇಕಾದ ಫಾರ್ಮ್‌ಗಳಿಗೂ, ಅದೇ ಫೋನ್‌ಗೆ ಒಟಿಪಿ ಬರುವ ಫಾರ್ಮ್‌ಗಳಿಗೂ ಫೋನ್ ಮೇಲು. ಒಟಿಪಿ ಕೇಳಿಸಿಕೊಂಡು, ನೆನಪಿಟ್ಟು, ಇನ್ನೊಂದು ಸಾಧನದಲ್ಲಿ ಆರು ಬಿಡಿ ಬಾಕ್ಸ್‌ಗಳಿಗೆ ತುಂಬುವುದಕ್ಕಿಂತ ಕೀಬೋರ್ಡ್ ಮೇಲೆ ತಾನಾಗಿ ತೋರುವ ಸಂಖ್ಯೆಯನ್ನು ಎರಡು ಬಾರಿ ತಟ್ಟುವುದು ಸುಲಭ. ಉದ್ದನೆಯ ಬರಹ ಬೇಕಾದ ಫಾರ್ಮ್‌ಗೆ ಮಾತ್ರ ಗಾಜಿನ ಮೇಲಿನ ಕೀಬೋರ್ಡ್ ಶಿಕ್ಷೆಯೇ ಸರಿ. ಬ್ರೈಲ್ ಬಲ್ಲವರು ಫೋನ್ ಪರದೆಯ ಮೇಲೆಯೇ ಬ್ರೈಲ್ ಚುಕ್ಕೆಗಳಲ್ಲಿ ಟೈಪ್ ಮಾಡುವ ಸೌಲಭ್ಯವನ್ನು ಬಳಸಬಹುದು, ಉಳಿದವರು ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಳ್ಳುವುದು ಒಳಿತು. ಬಾಯಿಂದ ಹೇಳಿ ಬರೆಸುವುದು ವಿಳಾಸಕ್ಕೆ, ಪತ್ರದ ಒಕ್ಕಣೆಗೆ ಆದೀತು. ಹೆಸರಿನ ಕಾಗುಣಿತಕ್ಕೂ ಇಮೇಲ್ ವಿಳಾಸಕ್ಕೂ ನಂಬುವಂತಿಲ್ಲ, ಗುಟ್ಟಿನ ಮಾಹಿತಿಗಂತೂ ಬೇಡವೇ ಬೇಡ.

ಬ್ರೌಸರ್ ತಾನೇ ಹೆಸರು, ವಿಳಾಸ ತುಂಬಿಕೊಡುವ ಸೌಲಭ್ಯ ಎರಡೂ ಸಾಧನಗಳಲ್ಲಿದೆ. ಒಂದು ಫೀಲ್ಡ್‌ನಲ್ಲಿ ಸಲಹೆಯನ್ನು ಒಪ್ಪಿಕೊಂಡರೆ ಉಳಿದ ನಾಲ್ಕೈದು ಫೀಲ್ಡ್‌ಗಳೂ ತುಂಬಿಹೋಗುತ್ತವೆ, ಅದನ್ನು ಸ್ಕ್ರೀನ್ ರೀಡರ್ ಹೇಳದೇ ಇರಬಹುದು. ಸೌಲಭ್ಯವನ್ನು ಬಳಸಿ, ಆದರೆ ತುಂಬಿದ ಪ್ರತಿಯೊಂದನ್ನೂ ಹಿಂದಿರುಗಿ ಕೇಳಿ. ಹಳೆಯ ವಿಳಾಸ ನುಸುಳುವುದು ಹೀಗೆಯೇ.

ಸಲ್ಲಿಸುವ ಮುನ್ನ, ಸಲ್ಲಿಸಿದ ಮೇಲೆ

ಸಲ್ಲಿಸುವ ಮೊದಲು ಇಡೀ ಫಾರ್ಮನ್ನು ಮತ್ತೆ ಬಾಣದ ಕೀಯಲ್ಲಿ ಓದುವುದು, ಸಂಖ್ಯೆಗಳನ್ನೂ ಹೆಸರುಗಳನ್ನೂ ಅಕ್ಷರ ಅಕ್ಷರವಾಗಿ ಕೇಳುವುದು ಅಗತ್ಯ. ಎನ್‌ವಿಡಿಎಯ ಡೆಸ್ಕ್‌ಟಾಪ್ ಕೀ ವಿನ್ಯಾಸದಲ್ಲಿ ಎನ್‌ವಿಡಿಎ ಕೀಯೊಂದಿಗೆ ಮೇಲ್ಬಾಣವನ್ನು ಎರಡು ಬಾರಿ ಬೇಗನೆ ಒತ್ತಿದರೆ ಸಾಲು ಅಕ್ಷರಶಃ ಕೇಳಿಸುತ್ತದೆ. ಬ್ರೈಲ್ ಪರದೆ (ಪಠ್ಯವನ್ನು ಉಬ್ಬುಚುಕ್ಕೆಗಳಲ್ಲಿ ತೋರುವ ಸಾಧನ) ಇದ್ದವರಿಗೆ ಈ ಹಂತ ಎಷ್ಟೋ ಸುಲಭ, ಕಿವಿಗೆ ಒಂದೇ ಎನಿಸುವ ಅಕ್ಷರಗಳು ಬೆರಳಿಗೆ ಬೇರೆಯೇ ಆಗಿ ಸಿಗುತ್ತವೆ.

ಸಲ್ಲಿಸಿದ ಮೇಲೆ ಏನೂ ಕೇಳಿಸದಿದ್ದರೆ ಹೆಚ್ಚಾಗಿ ಯಾವುದೋ ಫೀಲ್ಡ್‌ನಲ್ಲಿ ತಪ್ಪಿದೆ ಎಂದೇ ತಿಳಿಯಬೇಕು. ಚೆನ್ನಾಗಿ ರೂಪಿಸಿದ ಪುಟದಲ್ಲಿ ಫೋಕಸ್ ತಾನೇ ಮೊದಲ ತಪ್ಪಿನ ಬಳಿಗೆ ಹೋಗುತ್ತದೆ, ತಪ್ಪು ನಮೂದು ಎಂದು ಕೇಳಿಸುತ್ತದೆ. ಇಲ್ಲದಿದ್ದರೆ ಪುಟದ ಮೇಲ್ತುದಿಗೆ ಹೋಗಿ ಶೀರ್ಷಿಕೆಗಳನ್ನು ನೋಡಿ, ಅಲ್ಲಿಯೂ ಏನೂ ಸಿಗದಿದ್ದರೆ ಎಫ್ ಒತ್ತುತ್ತಾ ಪ್ರತಿ ಫೀಲ್ಡ್‌ನ ಮುಂದಿನ ಸಾಲನ್ನು ಓದಬೇಕು. ಕೆಂಪು ಅಕ್ಷರದ ದೋಷ ಸೂಚನೆಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ.

ಪುಟವೇ ಕೈಕೊಟ್ಟಾಗ ಇನ್ನೊಬ್ಬರ ನೆರವು ಪಡೆಯುವುದು ಕೊನೆಯ ಆಯ್ಕೆ. ಪಕ್ಕದಲ್ಲಿ ಕೂತವರಿಗೆ ಎಲ್ಲವನ್ನೂ ಹೇಳಿ ತುಂಬಿಸುವುದಕ್ಕಿಂತ, ಸಿಕ್ಕಿಬಿದ್ದ ಒಂದೇ ಹೆಜ್ಜೆಗೆ, ಉದಾಹರಣೆಗೆ ತುಂಬುತ್ತಿರುವುದು ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರದ ಕ್ಯಾಪ್ಚಾಗೆ ಮಾತ್ರ, ನೆರವು ಕೇಳುವುದು ಗೋಪ್ಯತೆಯ ದೃಷ್ಟಿಯಿಂದ ಒಳ್ಳೆಯದು. ದೂರದಲ್ಲಿರುವ ಇನ್ನೊಬ್ಬ ಎನ್‌ವಿಡಿಎ ಬಳಕೆದಾರರು ನಿಮ್ಮ ಕಂಪ್ಯೂಟರನ್ನು ನಡೆಸಿಕೊಡುವ ಸೌಲಭ್ಯ 2025.1 ಆವೃತ್ತಿಯಿಂದ ತಂತ್ರಾಂಶದೊಳಗೇ ಇದೆ. ಜಾಸ್‌ನಲ್ಲಿ ಟ್ಯಾಂಡಮ್ ಎಂಬ ಹೆಸರಿನಲ್ಲಿ ಇಂಥದೇ ಏರ್ಪಾಡಿದೆ. ಪಾಸ್‌ವರ್ಡ್ ತುಂಬುವ ಹೊತ್ತಿಗೆ ಆ ಸಂಪರ್ಕವನ್ನು ಕಡಿದುಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ತುಂಬುವಾಗ ಹೆಡ್‌ಫೋನ್ ಹಾಕಿಕೊಂಡು, ಪರದೆಯನ್ನು ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಚಾಲೂ ಮಾಡಿದರೆ ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಎನ್‌ವಿಡಿಎ, ವಾಯ್ಸ್‌ಓವರ್ ಎರಡರಲ್ಲಿಯೂ ಇದು ಲಭ್ಯ.

ಸಲ್ಲಿಕೆ ಯಶಸ್ವಿಯಾದಾಗ ಬರುವ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಡಿ. ಓದುವ ಸ್ಥಿತಿಯಲ್ಲಿ ಆ ಸಾಲಿಗೆ ಹೋಗಿ, ಶಿಫ್ಟ್ ಹಿಡಿದು ಬಾಣದಿಂದ ಆಯ್ದು, ಕಂಟ್ರೋಲ್ ಸಿ ಒತ್ತಿ ನಕಲಿಸಿ ಒಂದು ಕಡತದಲ್ಲಿ ಅಂಟಿಸಿ. ಆಮೇಲಷ್ಟೇ ಪುಟವನ್ನು ಮುಚ್ಚಿ.